ಹಿಮದಡಿ ಆರು ದಿನ: ಬೆಟದೂರಿನ ಹನುಮಂತಪ್ಪ

2016ರ ಫೆಬ್ರುವರಿ 3, ಬುಧವಾರ, ಬೆಳಗಿನ ಜಾವ. ಸಿಯಾಚಿನ್ ಹಿಮನದಿಯ ಉತ್ತರ ಭಾಗ. ಸಮುದ್ರಮಟ್ಟದಿಂದ 19,600 ಅಡಿ ಎತ್ತರದಲ್ಲಿ ಸೋನಂ ಪೋಸ್ಟ್. ಅಲ್ಲಿ ಹತ್ತು ಮಂದಿ: ಒಬ್ಬರು ಸುಬೇದಾರ್, ಉಳಿದ ಒಂಬತ್ತು ಮಂದಿ ಅವರ ಕೈಕೆಳಗಿನವರು. ಹೊರಗೆ ಕೊರೆಯುವ ಕತ್ತಲು, ಒಳಗೆ ಸೀಮೆಎಣ್ಣೆ ಸ್ಟೋವಿನ ಹೊಗೆ. ಹೊತ್ತು ಮೂಡುವ ಮೊದಲೇ ಮೇಲಿದ್ದ ಹಿಮದ ಗೋಡೆ ಬಿರುಕುಬಿಟ್ಟು ಕಳಚಿತು.

ಓಡಲು ಜಾಗವಿಲ್ಲ, ಕೂಗಿದರೆ ಕೇಳುವವರಿಲ್ಲ. ಬಂದದ್ದು ಹಗುರವಾದ ಹೊಸ ಹಿಮವೂ ಅಲ್ಲ. ವರ್ಷಗಟ್ಟಲೆ ಒತ್ತಡಕ್ಕೆ ಸಿಕ್ಕಿ ಕಲ್ಲಾಗಿದ್ದ ನೀಲಿ ಮಂಜುಗಡ್ಡೆಯ ಬಂಡೆಗಳು ಒಂದರ ಮೇಲೊಂದು ಉರುಳಿ ಬಂದವು. ಡೇರೆ, ಬಂದೂಕು, ರೇಡಿಯೊ, ಎಣ್ಣೆಯ ಡಬ್ಬಿ, ಮಲಗಿದ್ದವರು, ಪಹರೆ ನಿಂತವರು, ಎಲ್ಲವೂ ಕೆಳಗೆ. ಪೋಸ್ಟಿನ ಗುರುತೇ ಅಳಿಸಿಹೋಯಿತು. ಆ ಹತ್ತು ಮಂದಿಯಲ್ಲಿ ಒಬ್ಬ ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನವನು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ವಯಸ್ಸು 33.

ಹಿಮಕುಸಿತದ ಲೆಕ್ಕ ಬಲು ಕಟುವಾದುದು. ಹಿಮದಡಿ ಹೂತುಹೋದವರನ್ನು ಕಾಲು ಗಂಟೆಯೊಳಗೆ ಹೊರಗೆಳೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿತೋ, ಬದುಕುವವರ ಸಂಖ್ಯೆ ದಿಢೀರನೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಕಾರಣ ಸರಳ: ಬಾಯಿ ಮೂಗಿನ ಸುತ್ತ ಬಿಟ್ಟ ಉಸಿರೇ ಹಿಮವನ್ನು ಕರಗಿಸಿ ಮತ್ತೆ ಗಡ್ಡೆಗಟ್ಟಿಸುತ್ತದೆ, ಹೊಸ ಗಾಳಿ ಒಳಬರುವುದಿಲ್ಲ. ಹೂತವನನ್ನು ಚಳಿಗಿಂತ ಮೊದಲು ಕೊಲ್ಲುವುದು ಅವನದೇ ಉಸಿರು. ಗಂಟೆಗಳ ಮಾತು ಹೀಗಿರುವಾಗ ದಿನಗಳ ಮಾತನ್ನು ಯಾರೂ ಎತ್ತುವುದೇ ಇಲ್ಲ.

ಅಂಥ ಜಾಗಕ್ಕೆ ಹನುಮಂತಪ್ಪ ಹೋದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ‘ಅವ ಮಿಲ್ಟ್ರ್ಯಾಗ ಅದಾನ್ರಿ’ ಎಂದು ಹೇಳುವಾಗ ಹೇಳುವವನ ಎದೆ ಉಬ್ಬುತ್ತದೆ, ಆ ಮನೆಯ ತಾಯಿಯ ಎದೆ ಮಾತ್ರ ಸದಾ ಹೊಯ್ದಾಡುತ್ತಿರುತ್ತದೆ. ಮಗ್ಗದ ಮನೆಯ ಹುಡುಗ, ಕಬ್ಬಿನ ಗದ್ದೆಯ ಹುಡುಗ, ಹಿನ್ನೀರಿಗೆ ಹೊಲ ಕಳೆದುಕೊಂಡವನ ಮಗ ನಸುಕಿನಲ್ಲೆದ್ದು ಡಾಂಬರು ರಸ್ತೆಯ ಮೇಲೆ ಓಡುವುದು ಸೈನ್ಯದ ಭರ್ತಿಗಾಗಿ. ಬೆಟದೂರಿನ ರೈತ ಮನೆತನದ ಹನುಮಂತಪ್ಪನೂ ಇಂಥದೇ ಹುಡುಗ. ಶಾಲೆಗೆಂದು ದಿನಾ ಆರು ಕಿಲೋಮೀಟರ್ ನಡೆದವನು. 2002ರ ಅಕ್ಟೋಬರ್ 25ರಂದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದ.

ಅಲ್ಲಿಂದ ಮುಂದಿನ ಅವನ ಸೇವೆಯ ದಾರಿ ನೋಡಿ. 2003ರಿಂದ 2006ರವರೆಗೆ ಜಮ್ಮು-ಕಾಶ್ಮೀರದ ಮಹೋರ್‌ನಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆ. ಅದು ಮುಗಿದ ಮೇಲೆ ಸುಲಭದ ಜಾಗ ಕೇಳಬಹುದಿತ್ತು, ಕೇಳಲಿಲ್ಲ. 2008ರಿಂದ 2010ರವರೆಗೆ ತಾನಾಗಿಯೇ ಮುಂದೆ ಬಂದು 54 ರಾಷ್ಟ್ರೀಯ ರೈಫಲ್ಸ್ ಜೊತೆ ಮತ್ತೆ ಕಾಶ್ಮೀರ. 2010ರಿಂದ 2012ರವರೆಗೆ ಮತ್ತೆ ತಾನೇ ಕೇಳಿಕೊಂಡು ಈಶಾನ್ಯಕ್ಕೆ, ಬೋಡೊ ಮತ್ತು ಉಲ್ಫಾ ಉಗ್ರರ ಬೆನ್ನುಹತ್ತಲು. 2015ರ ಆಗಸ್ಟಿನಿಂದ ಸಿಯಾಚಿನ್. ಅದೇ ವರ್ಷದ ಡಿಸೆಂಬರಿನಿಂದ ಅಲ್ಲಿನ ಅತಿ ಎತ್ತರದ ಪೋಸ್ಟುಗಳಲ್ಲಿ ಒಂದಾದ ಸೋನಂ. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಸಾವಿನ ಮಗ್ಗುಲಲ್ಲೇ ಕಳೆದವನು. ಇಂಥವನನ್ನು ಹಿಮ ಹುಗಿದಾಗ, ಅದು ಹುಗಿದದ್ದು ಹತ್ತು ವರ್ಷ ಹುರಿಗೊಂಡ ಮೈಯನ್ನು.

ಸಿಯಾಚಿನ್ ಎಂದರೆ ಏನೆಂದು ಬಯಲುಸೀಮೆಯ ನಮಗೆ ತಿಳಿಯುವುದು ಕಷ್ಟ. ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ ಅದು. 1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ್’ ಹೆಸರಿನಲ್ಲಿ ನಮ್ಮ ಸೇನೆ ಸಾಲ್ತೊರೊ ಶಿಖರಸಾಲಿನ ಕಣಿವೆದಾರಿಗಳನ್ನು ಹಿಡಿಯಿತು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಇಳಿದುಬಂದಿಲ್ಲ. 1987ರಲ್ಲಿ ನಾಯಬ್ ಸುಬೇದಾರ್ ಬಾನಾ ಸಿಂಗ್ 21,000 ಅಡಿಗೂ ಮೇಲಿನ ಶಿಖರವನ್ನು ಎದುರಾಳಿಯ ಕೈಯಿಂದ ಕಿತ್ತುಕೊಂಡದ್ದು ಇಲ್ಲೇ. 2003ರ ಕದನವಿರಾಮದ ನಂತರ ಗುಂಡಿನ ಸದ್ದು ನಿಂತಿತು, ಸಾವು ನಿಲ್ಲಲಿಲ್ಲ. ಸಿಯಾಚಿನ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹವಾಮಾನ. ಆಚೆ ಬದಿಯವರಿಗೂ ಹಾಗೆಯೇ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ ಇಡೀ ಸೇನಾ ನೆಲೆಯೊಂದು ಹಿಮದಡಿ ಹೋಗಿ 140 ಜನ ಸತ್ತರು.

ಅಲ್ಲಿಗೆ ಹೋಗುವವನು ಮೊದಲು ತಪ್ಪಲಿನ ಶಿಬಿರದಲ್ಲಿ ವಾರಗಟ್ಟಲೆ ಒಗ್ಗಿಕೊಳ್ಳಬೇಕು, ಸಿಯಾಚಿನ್ ಸಮರಶಾಲೆಯಲ್ಲಿ ಹಗ್ಗ ಹಿಡಿಯುವುದು, ಮಂಜುಗೋಡೆ ಹತ್ತುವುದು ಕಲಿಯಬೇಕು. ಆಮೇಲೆ ಒಬ್ಬರ ಸೊಂಟಕ್ಕೊಬ್ಬರು ಹಗ್ಗ ಬಿಗಿದುಕೊಂಡು ಸಾಲಾಗಿ ದಿನಗಟ್ಟಲೆ ನಡಿಗೆ. ಮುಂದಿನವನು ಹಿಮಬಿರುಕಿಗೆ ಬಿದ್ದರೆ ಹಿಂದಿನವರ ಸೊಂಟವೇ ಅವನನ್ನು ಹಿಡಿಯಬೇಕು. ಮೇಲೆ ಹೋದ ಮೇಲೆ ಗಾಳಿಯ ಒತ್ತಡ ನಮ್ಮೂರಿನ ಅರ್ಧಕ್ಕಿಂತ ಕಡಿಮೆ. ಎರಡು ಹೆಜ್ಜೆ ಇಟ್ಟರೆ ಎದೆ ಬಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ, ಊಟ ಬಾಯಿಗೆ ಹಿಡಿಸುವುದಿಲ್ಲ. ಬರಿಗೈಲಿ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ಕುಡಿಯುವ ನೀರೆಂದರೆ ಮಂಜುಗಡ್ಡೆ ಕಡಿದು ತಂದು ಸ್ಟೋವಿನ ಮೇಲೆ ಕರಗಿಸಿದ್ದು. ಬೆಳಕು, ಬಿಸಿ, ಅಡುಗೆ, ನೀರು, ನಾಲ್ಕಕ್ಕೂ ಸೀಮೆಎಣ್ಣೆಯೇ ಗತಿ. ರಾತ್ರಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಗಾಳಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ. ಇದೆಲ್ಲ ಹಿಮ ಕುಸಿಯದ ದಿನದ ಮಾತು!

ಬುಧವಾರ ಸುದ್ದಿ ತಲುಪಿದ ಕೂಡಲೇ ಅಕ್ಕಪಕ್ಕದ ಪೋಸ್ಟುಗಳ ಜವಾನರು ಹಿಮ ತುಳಿದುಕೊಂಡು ಧಾವಿಸಿದರು. ಅವರ ಕಣ್ಣಿಗೆ ಬಿದ್ದದ್ದು ಬರೀ ಬಿಳಿ. ಎಲ್ಲಿ ಡೇರೆ ಇತ್ತು, ಎಲ್ಲಿ ಪಹರೆ ಇತ್ತು ಎಂದು ಹೇಳುವ ಒಂದು ಕಂಬವೂ ನಿಂತಿರಲಿಲ್ಲ. ಗುರುವಾರ ಪಾಕಿಸ್ತಾನದ ಸೇನಾ ಕಾರ್ಯಾಚರಣೆಯ ಮುಖ್ಯಸ್ಥರು ನಮ್ಮವರಿಗೆ ಫೋನ್ ಮಾಡಿ ನೆರವು ಬೇಕೆ ಎಂದು ಕೇಳಿದರು, ನಮ್ಮವರು ಬೇಕಾದ ಏರ್ಪಾಡು ಆಗಿದೆ ಎಂದು ತಿಳಿಸಿದರು. ಯಾರಾದರೂ ಬದುಕಿ ಉಳಿದಿರುವ ಸಾಧ್ಯತೆ ತೀರಾ ಕಡಿಮೆ ಎಂದು ಸೇನೆಯೇ ಹೇಳಿತು. ಪ್ರಧಾನಿ ಸಂತಾಪ ಸೂಚಿಸಿದರು. ಬೆಟದೂರಿನ ಮನೆಗೂ ಆ ಸುದ್ದಿ ಬಂತು. ತಾಯಿ, ಮಡದಿ, ಇನ್ನೂ ಮಾತು ಕಲಿಯುತ್ತಿದ್ದ ಮಗಳು. ಆ ಮನೆಯಲ್ಲಿ ಆ ರಾತ್ರಿಗಳು ಹೇಗೆ ಕಳೆದವು ಎಂಬುದನ್ನು ಬಣ್ಣಿಸುವುದು ನನ್ನಿಂದಾಗದು, ಬಣ್ಣಿಸಲೂಬಾರದು.

ಆದರೆ ಮೇಲೆ, ಹಿಮನದಿಯ ಮೇಲೆ, ಅಗೆತ ನಿಲ್ಲಲಿಲ್ಲ. ಈ ಗಾಥೆಯ ನಿಜವಾದ ಸಾಹಸ ಶುರುವಾಗುವುದು ಇಲ್ಲಿ. ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಕರ್ನಲ್ ಉಮ್ ಬಹಾದ್ದೂರ್ ಗುರುಂಗ್. ಅವರ ಹುಡುಗರು ಕೆಳಗೆ ಇದ್ದಾರೆ. ಬದುಕಿದ್ದರೆ ಬದುಕಿದವರನ್ನು, ಇಲ್ಲದಿದ್ದರೆ ದೇಹಗಳನ್ನು, ಏನೇ ಆಗಲಿ ಎತ್ತಿಯೇ ತೀರಬೇಕು. ನೂರೈವತ್ತಕ್ಕೂ ಹೆಚ್ಚು ಜನ ಆ ಎತ್ತರಕ್ಕೆ ಏರಿದರು. ಸನಿಕೆ ಹೊಡೆದರೆ ಪುಟಿದು ಬರುತ್ತದೆ, ಹಾರೆ ಹೊಡೆದರೆ ಚೂರು ಏಳುತ್ತದೆ ಅಷ್ಟೇ. ನೀಲಿ ಮಂಜು ಕಾಂಕ್ರೀಟಿನಷ್ಟು ಗಟ್ಟಿ. ಬಂಡೆ ಕೊರೆಯುವ ಡ್ರಿಲ್ಲು, ವಿದ್ಯುತ್ ಗರಗಸ, ನೆಲ ಕೊರೆಯುವ ಯಂತ್ರಗಳನ್ನು ತರಿಸಿದರು. ತರಿಸುವುದೆಂದರೆ ಲಾರಿಯಲ್ಲಿ ಬರುವ ಸರಕೇ? ಗಾಳಿ ಅಷ್ಟು ತೆಳುವಾದ ಎತ್ತರದಲ್ಲಿ ಹೆಲಿಕಾಪ್ಟರ್ ಹೊರುವುದೇ ಕೆಲವು ಕಿಲೋ. ಯಂತ್ರವನ್ನು ಬಿಚ್ಚಿ, ತುಂಡು ತುಂಡಾಗಿ ಒಂದೊಂದೇ ಸುತ್ತಿನಲ್ಲಿ ಸಾಗಿಸಿ, ಮೇಲೆ ಜೋಡಿಸಬೇಕು. ಮೋಡ ಮುಚ್ಚಿದರೆ ಆ ಸುತ್ತೂ ಇಲ್ಲ. ಜೋಡಿಸುವ ಬೆರಳು ಕೈಗವಸಿನಿಂದ ಹೊರಬಂದರೆ ಕೆಲವೇ ನಿಮಿಷದಲ್ಲಿ ಮರಗಟ್ಟುತ್ತದೆ.

ಅಗೆಯುವವರಿಗೂ ಅದೇ ಗಾಳಿ, ಅದೇ ಅರೆ ಉಸಿರು. ಒಬ್ಬ ಕೆಲ ಹೊತ್ತು ಕೊರೆದು ಬಿದ್ದುಬಿಡುತ್ತಾನೆ, ಇನ್ನೊಬ್ಬ ಅವನ ಕೈಯಿಂದ ಯಂತ್ರ ತೆಗೆದುಕೊಳ್ಳುತ್ತಾನೆ. ತಲೆಯ ಮೇಲೆ ಮತ್ತೆ ಕುಸಿಯಬಹುದಾದ ಅದೇ ಗೋಡೆ. ಹಗಲಿಗೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ, ಇರುಳಿಗೆ ಇನ್ನೂ ಕೆಳಗೆ. ಹಿಮದಾಳವನ್ನು ಭೇದಿಸಿ ಲೋಹವನ್ನೂ ಶಾಖವನ್ನೂ ಗುರುತಿಸುವ ರಾಡಾರ್‌ಗಳು ಬಂದವು, ರೇಡಿಯೊ ಸಂಕೇತ ಹಿಡಿಯುವ ಉಪಕರಣಗಳು ಬಂದವು. ಜೊತೆಗೆ ಬಂದದ್ದು ಎರಡು ನಾಯಿಗಳು. ಹೆಸರು ಡಾಟ್ ಮತ್ತು ಮಿಶಾ.

ನಾಯಿಯ ಮಾತು ಬಂದಾಗ ಮುಧೋಳದ ಕಡೆಯ ಓದುಗರ ಕಿವಿ ನೆಟ್ಟಗಾಗುವುದು ನನಗೆ ಗೊತ್ತು. ಅದೇ 2016ರಲ್ಲಿ ಮುಧೋಳ ಸಮೀಪದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ನಮ್ಮ ಬೇಟೆನಾಯಿಯ ಮರಿಗಳು ಮೀರತ್‌ನ ಸೇನಾ ಪಶುವೈದ್ಯಕೀಯ ಕೇಂದ್ರಕ್ಕೆ ತರಬೇತಿಗೆ ಹೋದವು. ದೇಶೀ ತಳಿಯೊಂದನ್ನು ಸೇನೆ ಹಾಗೆ ಕರೆಸಿಕೊಂಡದ್ದು ಅದೇ ಮೊದಲು. ಈ ಸೀಮೆಗೂ ಆಯುಧಕ್ಕೂ ನಂಟು ಹಳೆಯದು. ಮುಧೋಳದ ಘೋರ್ಪಡೆ ಮನೆತನದ ಹೆಸರೇ ಉಡ ಹಿಡಿದು ಕೋಟೆ ಹತ್ತಿದ ಪೂರ್ವಜನಿಂದ ಬಂತು ಎಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. 1857ರಲ್ಲಿ ಹಲಗಲಿಯ ಬೇಡರು ‘ಹತಾರ ಕೊಡೆವು’ ಎಂದು ಕಂಪನಿ ಸರಕಾರದ ಎದುರು ನಿಂತರು. ಊರಿಗೆ ಊರೇ ಉರಿಯಿತು, 19 ಮಂದಿಯನ್ನು ಗಲ್ಲಿಗೇರಿಸಿದರು, 13 ಮಂದಿಯನ್ನು ಮುಧೋಳದಲ್ಲಿ, ಆರು ಮಂದಿಯನ್ನು ಹಲಗಲಿಯಲ್ಲೇ. ಹತಾರವನ್ನು ಮಾನವೆಂದು ತಿಳಿದ ಮಣ್ಣು ಇದು. ಇಲ್ಲಿನ ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗುವುದು ಬರೀ ಸಂಬಳಕ್ಕೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ.

ಮತ್ತೆ ಹಿಮದ ಮೇಲಕ್ಕೆ ಹೋಗೋಣ. ನಾಯಿಗಳು ಮೂಸಿ ನಿಂತ ಜಾಗ, ಉಪಕರಣಗಳು ಸುಳಿವು ಕೊಟ್ಟ ಜಾಗ, ಎರಡನ್ನೂ ಹೊಂದಿಸಿ ಹಲವು ಕಡೆ ಗುಂಡಿ ಇಳಿಸಿದರು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಆಳ ಹತ್ತು ಅಡಿ, ಹದಿನೈದು, ಇಪ್ಪತ್ತು. ಅಷ್ಟರಲ್ಲಿ ಸೇನೆ ಮಾಡಿದ ಒಂದು ಏರ್ಪಾಡನ್ನು ನಾನು ಎಂದೂ ಮರೆಯಲಾರೆ. ಬದುಕಿದವರು ಸಿಗಬಹುದೆಂಬ ಲೆಕ್ಕದಲ್ಲಿ ವೈದ್ಯರನ್ನು ಆ ಗುಂಡಿಗಳ ಪಕ್ಕದಲ್ಲೇ ನಿಲ್ಲಿಸಿದ್ದರು. ಲೋಕವೆಲ್ಲ ಸಂತಾಪ ಹೇಳಿ ಮುಗಿಸಿದ ಮೇಲೂ ಅಲ್ಲಿ ಬೆಚ್ಚಗಿನ ಆಮ್ಲಜನಕ, ಬೆಚ್ಚಗಿನ ಸಲೈನ್ ಸಿದ್ಧವಾಗಿತ್ತು.

ಫೆಬ್ರುವರಿ 8, ಸೋಮವಾರ, ಸಂಜೆ. ಒಂದು ಗುಂಡಿ 25ರಿಂದ 30 ಅಡಿ ಆಳಕ್ಕೆ ಇಳಿದಿತ್ತು. ನಮ್ಮ ಕಡೆ ಹೊಲದ ಬಾವಿ ಇರುವಷ್ಟು ಆಳ. ಅಲ್ಲಿ ಡೇರೆಯ ಬಟ್ಟೆ ಸಿಕ್ಕಿತು. ಯಂತ್ರ ನಿಂತಿತು, ಕೈ ಮುಂದಾಯಿತು. ಒಳಗೆ ಹನುಮಂತಪ್ಪ ಇದ್ದ. ಉಸಿರಾಡುತ್ತಿದ್ದ! ಎಚ್ಚರವೂ ಇತ್ತು. ಮಂಪರು ಕವಿದಿತ್ತು, ತಾನೆಲ್ಲಿದ್ದೇನೆ ಎಂಬುದರ ಅರಿವು ತಪ್ಪಿತ್ತು, ಆದರೆ ಎಚ್ಚರವಿತ್ತು.

ಆರು ದಿನ. ಅನ್ನವಿಲ್ಲ, ನೀರಿಲ್ಲ, ಬೆಳಕಿಲ್ಲ.

ಇದು ಹೇಗಾಯಿತು? ಹಿಮ ಬಿದ್ದಾಗ ಡೇರೆ ಪೂರ್ತಿ ಅಪ್ಪಚ್ಚಿಯಾಗದೆ ಅವನ ಸುತ್ತ ಒಂದಿಷ್ಟು ಪೊಳ್ಳು ಜಾಗ ಉಳಿದಿತ್ತು. ದೊಡ್ಡ ದೊಡ್ಡ ಗಡ್ಡೆಗಳ ನಡುವಿನ ಸಂದುಗಳಲ್ಲಿ ಗಾಳಿ ನಿಂತಿತ್ತು. ಹಿಮದ ಆಳದಲ್ಲಿ ಹೊರಗಿನ ಬಿರುಗಾಳಿ ತಾಗುವುದಿಲ್ಲ, ಮೇಲಿನ 40 ಡಿಗ್ರಿಯ ಕೊರೆತ ಅಷ್ಟು ಆಳಕ್ಕೆ ಪೂರ್ತಿ ಇಳಿಯುವುದಿಲ್ಲ. ಮೈ ತಣ್ಣಗಾದಂತೆ ಎದೆಬಡಿತ ನಿಧಾನವಾಗುತ್ತದೆ, ಮಿದುಳು ಹೃದಯಗಳಿಗೆ ಬೇಕಾಗುವ ಆಮ್ಲಜನಕ ಕಡಿಮೆಯಾಗುತ್ತದೆ. ಎತ್ತರಕ್ಕೆ ತಿಂಗಳುಗಟ್ಟಲೆ ಒಗ್ಗಿದ ರಕ್ತ ಇದ್ದಷ್ಟು ಗಾಳಿಯನ್ನೇ ಹಿಂಡಿ ಬಳಸುತ್ತದೆ. ಇಷ್ಟನ್ನು ಶಾಸ್ತ್ರ ಹೇಳುತ್ತದೆ. ಇದೇ ಶಾಸ್ತ್ರ ಗಂಟೆಗಳ ಲೆಕ್ಕವನ್ನು ದಿನಗಳಿಗೆ ಎಳೆಯಲು ಒಪ್ಪುವುದಿಲ್ಲ. ಉಳಿದದ್ದನ್ನು ಎಳೆದದ್ದು ಬೆಟದೂರಿನ ಆ ಮೈ, ಆ ಮನಸ್ಸು.

ಮೇಲೆತ್ತಿದ ಹೊತ್ತಿನಲ್ಲಿ ಅವನ ಸ್ಥಿತಿ ಹೀಗಿತ್ತು: ಮೈಯ ನೀರು ಬತ್ತಿತ್ತು, ಶಾಖ ಇಳಿದಿತ್ತು, ರಕ್ತದಲ್ಲಿ ಸಕ್ಕರೆಯೂ ಸಾಲದು, ಆಮ್ಲಜನಕವೂ ಸಾಲದು, ರಕ್ತದೊತ್ತಡ ಕುಸಿದಿತ್ತು. ಇಂಥವನನ್ನು ಬೆಂಕಿಯ ಪಕ್ಕ ಕೂರಿಸಿ ಬಿಸಿ ಚಹಾ ಕುಡಿಸಿದರೆ ಸತ್ತೇಹೋಗಬಹುದು. ಕೈಕಾಲುಗಳಲ್ಲಿ ತಂಗಿದ್ದ ತಣ್ಣನೆಯ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗಿದರೆ ಬಡಿತ ನಿಲ್ಲಬಹುದು. ಆದ್ದರಿಂದ ಬಿಸಿ ಮಾಡುವುದೂ ಅಳೆದು ಅಳೆದು. ರಕ್ತನಾಳಕ್ಕೆ ಬೆಚ್ಚಗಿನ ದ್ರವ, ಮೂಗಿಗೆ ತೇವದ ಬೆಚ್ಚನೆ ಆಮ್ಲಜನಕ, ಮೈಗೆ ಹೊದಿಕೆ. ರಾತ್ರಿಯಿಡೀ ಹಾಗೆ. ಆ ಕತ್ತಲಲ್ಲಿ ಹೆಲಿಕಾಪ್ಟರ್ ಏರುವಂತಿಲ್ಲ. 19,600 ಅಡಿ ಎತ್ತರದಲ್ಲಿ, ಹಿಮದ ಮೇಲೆ ಆ ವೈದ್ಯರು ಒಂದು ರಾತ್ರಿ ಕಾಪಾಡಿಕೊಂಡ ಜೀವ ಅದು.

ಮಂಗಳವಾರ ಬೆಳಗಾದ ಕೂಡಲೇ ಹೆಲಿಕಾಪ್ಟರ್ ಬಂತು. ವೈದ್ಯರೊಬ್ಬರ ಜೊತೆಯಲ್ಲಿ ತಪ್ಪಲಿನ ಶಿಬಿರಕ್ಕೆ, ಅಲ್ಲಿಂದ ಥೋಯ್ಸ್ ವಾಯುನೆಲೆಗೆ, ಥೋಯ್ಸ್‌ನಿಂದ ವಾಯುಪಡೆಯ ವಿಮಾನದಲ್ಲಿ ದೆಹಲಿಗೆ, ದೆಹಲಿಯಲ್ಲಿ ಸೇನೆಯ ಆರ್ ಅಂಡ್ ಆರ್ ಆಸ್ಪತ್ರೆಗೆ. ಹಿಂದಿನ ಸಂಜೆ ಮೂವತ್ತು ಅಡಿ ಹಿಮದ ಕೆಳಗಿದ್ದವನು ಮರುದಿನ ದೆಹಲಿಯ ಹಾಸಿಗೆಯಲ್ಲಿದ್ದ. ಪ್ರಧಾನಿ ನೋಡಲು ಬಂದರು. ಬೆಟದೂರಿನ ಮನೆಯವರು ದೆಹಲಿಗೆ ಧಾವಿಸಿದರು. ಸತ್ತನೆಂದು ಅತ್ತ ಮನೆಗೆ ‘ಇದ್ದಾನೆ’ ಎಂಬ ಮಾತು ಬಂದರೆ ಆ ಮನೆ ಹೇಗಾಗಬೇಡ! ಬೆಟದೂರಿನಲ್ಲಿ ಪಟಾಕಿ ಹಾರಿತು. ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಮನೆಮನೆಯಲ್ಲಿ ಟೀವಿ ಮುಂದೆ ಕೂತವರು ಕೈಮುಗಿದರು. ಗುಡಿಗಳಲ್ಲಿ ಅಭಿಷೇಕ, ದರ್ಗಾಗಳಲ್ಲಿ ದುವಾ, ಮಠಗಳಲ್ಲಿ ಪ್ರಾರ್ಥನೆ. ತಮ್ಮ ಮೂತ್ರಪಿಂಡ ಕೊಡುತ್ತೇವೆಂದು ಮುಂದೆ ಬಂದವರೂ ಇದ್ದರು.

ಆದರೆ ವೈದ್ಯರು ಮೊದಲೇ ಎಚ್ಚರಿಸಿದ್ದರು. ಮೈ ಬೆಚ್ಚಗಾಗಿ ತಣ್ಣಗಿದ್ದ ಅಂಗಗಳಿಗೆ ರಕ್ತ ಮತ್ತೆ ಹರಿಯತೊಡಗಿದಾಗಲೇ ಅಪಾಯ, ಮುಂದಿನ 24ರಿಂದ 48 ಗಂಟೆ ಕಷ್ಟದ್ದು ಎಂದು. ಹೊರಗಿನಿಂದ ನೋಡಿದರೆ ಮೂಳೆ ಮುರಿದಿರಲಿಲ್ಲ, ಬೆರಳುಗಳು ಹಿಮಗಟ್ಟಿ ಕಪ್ಪಾಗಿರಲಿಲ್ಲ. ಕೆಟ್ಟದ್ದು ಒಳಗೆ. ಯಕೃತ್ತು, ಮೂತ್ರಪಿಂಡ ಕೈಕೊಟ್ಟಿದ್ದವು. ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ. ಮಿದುಳಿಗೆ ಆಮ್ಲಜನಕ ಸಾಲದೆ ಹೋದದ್ದು ಸ್ಕ್ಯಾನಿನಲ್ಲಿ ಕಂಡಿತು. ಅವನು ಕೋಮಾಕ್ಕೆ ಜಾರಿದ. ಹಿಮದಡಿ ಆರು ದಿನ ಸಾವನ್ನು ತಡೆದ ಮೈ ಬೆಳಕಿಗೆ ಬಂದ ಮೇಲೆ ಸೋಲತೊಡಗಿತು. ಫೆಬ್ರುವರಿ 11, ಗುರುವಾರ, ಬೆಳಿಗ್ಗೆ 11 ಗಂಟೆ 45 ನಿಮಿಷಕ್ಕೆ ಹನುಮಂತಪ್ಪ ತೀರಿಕೊಂಡ.

ಮರುದಿನ ಹುಬ್ಬಳ್ಳಿಯ ನೆಹರೂ ಕ್ರೀಡಾಂಗಣದಲ್ಲಿ ಜನ ಕಿಕ್ಕಿರಿದರು. ಬೆಟದೂರಿನ ದಾರಿಯುದ್ದಕ್ಕೂ ಜನ. ಸರಕಾರಿ ಗೌರವದೊಂದಿಗೆ ಅವನನ್ನು ಹುಟ್ಟಿದೂರಿನ ಮಣ್ಣಿಗೆ ಒಪ್ಪಿಸಿದರು.

ಆಗ ಎಲ್ಲರೂ ಪವಾಡ ಎಂದರು. ಅಂದವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೂ ಆ ಮಾತಿಗೆ ನಿಂತುಬಿಟ್ಟರೆ ಕೆಲಸ ಮಾಡಿದವರಿಗೆ ಅನ್ಯಾಯವಾಗುತ್ತದೆ. ಹನುಮಂತಪ್ಪ ಹೊರಗೆ ಬಂದದ್ದು ನೂರೈವತ್ತು ಜನ ಅರೆ ಉಸಿರಿನಲ್ಲಿ ಕಾಂಕ್ರೀಟಿನಂಥ ಮಂಜನ್ನು ದಿನಗಟ್ಟಲೆ ಕೊರೆದದ್ದರಿಂದ. ಬೆಟಾಲಿಯನ್ ಅನ್ನುವುದು ಒಂದು ಮನೆ. ಮದ್ರಾಸ್ ರೆಜಿಮೆಂಟಿನ ಬೇರು 1758ರಷ್ಟು ಹಿಂದಕ್ಕೆ ಹೋಗುತ್ತದೆ, ಅದರ ರಣಘೋಷ ‘ವೀರ ಮದ್ರಾಸಿ, ಅಡಿ ಕೊಲ್ಲು’ ಎಂಬುದನ್ನು ಕನ್ನಡಿಗನೂ ತಮಿಳನೂ ಮಲಯಾಳಿಯೂ ತೆಲುಗನೂ ಒಂದೇ ಗಂಟಲಿನಿಂದ ಕೂಗುತ್ತಾರೆ. ಆ ಮನೆಯ ಹಿರಿಯನಿಗೆ ಹಿಮದಡಿಯ ಮಕ್ಕಳನ್ನು ಬಿಟ್ಟು ಇಳಿದುಬರಲು ಆಗಲಿಲ್ಲ.

ಇಲ್ಲಿ ಕೊಡಗಿನ ಇನ್ನೊಂದು ಮನೆ ನೆನಪಾಗುತ್ತದೆ. 1965ರ ಯುದ್ಧದ ಕೊನೆಯ ಗಳಿಗೆ, ಸೆಪ್ಟೆಂಬರ್ 22. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಗುಂಡು ತಗಲಿತು. ಹೊರಕ್ಕೆ ಜಿಗಿದವರು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡು ಪಾಕಿಸ್ತಾನದ ಸೆರೆಯಾದರು. ತಂದೆ ಜನರಲ್ ಕೆ.ಎಂ. ಕಾರ್ಯಪ್ಪ, ನಮ್ಮ ಸೇನೆಯ ಮೊದಲ ಭಾರತೀಯ ದಂಡನಾಯಕ. ದೇಶ ಒಂದಾಗಿದ್ದಾಗ ಅವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗನನ್ನು ಬಿಡುತ್ತೇವೆ ಎಂಬ ಮಾತು ಮಡಿಕೇರಿಗೆ ಬಂದಾಗ ತಂದೆ ಒಪ್ಪಲಿಲ್ಲ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದರು. ಮಗ ಉಳಿದವರೊಂದಿಗೇ ಸೆರೆಯಲ್ಲಿದ್ದು 1966ರ ಜನವರಿಯಲ್ಲಿ ಬಿಡುಗಡೆಯಾದರು, ಮುಂದೆ ಏರ್ ಮಾರ್ಷಲ್ ಆದರು. ಅಂದು ಮಡಿಕೇರಿಯ ತಂದೆ ಹೇಳಿದ ಮಾತನ್ನೇ ಐವತ್ತು ವರ್ಷದ ನಂತರ ಸೋನಂನಲ್ಲಿ ಡ್ರಿಲ್ಲು ಹಿಡಿದವರು ಮಾಡಿ ತೋರಿಸಿದರು. ಒಬ್ಬ ಸಿಕ್ಕಿದನೆಂದು ಅವರು ನಿಲ್ಲಿಸಲಿಲ್ಲ, ಹತ್ತೂ ಮಂದಿಯನ್ನು ಎತ್ತಿದರು.

ಹನುಮಂತಪ್ಪನ ಹೆಸರು ನಮಗೆಲ್ಲ ಗೊತ್ತು. ಪಕ್ಕದಲ್ಲೇ ಇದ್ದು, ಗಾಳಿಯ ಪೊಳ್ಳು ಸಿಗದೆ ಹೋದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹಾಸನದ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್, ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ, ಇಬ್ಬರೂ ನಮ್ಮ ಕನ್ನಡದ ಮಕ್ಕಳು. ತಮಿಳುನಾಡಿನ ಹವಾಲ್ದಾರ್ ಎಳುಮಲೈ, ಲ್ಯಾನ್ಸ್ ಹವಾಲ್ದಾರ್ ಎಸ್. ಕುಮಾರ್, ಸಿಪಾಯಿ ಜಿ. ಗಣೇಶನ್, ಸಿಪಾಯಿ ಎನ್. ರಾಮಮೂರ್ತಿ. ಕೇರಳದ ಕೊಲ್ಲಂನ ಲ್ಯಾನ್ಸ್ ನಾಯಕ್ ಬಿ. ಸುಧೀಶ್. ಆಂಧ್ರದ ಕರ್ನೂಲಿನ ಸಿಪಾಯಿ ಮುಷ್ತಾಕ್ ಅಹ್ಮದ್. ಮಹಾರಾಷ್ಟ್ರದ ಸಾತಾರಾದ ನರ್ಸಿಂಗ್ ಸಹಾಯಕ ಎಸ್.ವಿ. ಸೂರ್ಯವಂಶಿ, ಉಳಿದವರ ಗಾಯಕ್ಕೆ ಮದ್ದು ಹಚ್ಚಲೆಂದೇ ಜೊತೆಗೆ ಹೋದವರು. ಹತ್ತು ಮನೆ, ಐದು ರಾಜ್ಯ, ಒಂದೇ ಬೆಳಗಿನ ಜಾವ. ಈ ಹೆಸರುಗಳನ್ನು ಶಾಲೆಗಳಲ್ಲಿ ಮಕ್ಕಳಿಗೆ ಹನುಮಂತಪ್ಪನ ಹೆಸರಿನೊಂದಿಗೇ ಹೇಳಬೇಕು.

ಮರುವರ್ಷ, 2017ರ ಜನವರಿ 15ರ ಸೇನಾ ದಿನದಂದು ಹನುಮಂತಪ್ಪನಿಗೆ ಮರಣೋತ್ತರ ಸೇನಾ ಪದಕ ಬಂತು. ಅವನ ಮಡದಿ ದೆಹಲಿಗೆ ಹೋಗಿ ಸ್ವೀಕರಿಸಿದರು. ಪದಕ ಹಿಡಿದು ಊರಿಗೆ ಬಂದ ಮೇಲಿನ ದಿನಗಳು ಯಾವ ಟೀವಿಯಲ್ಲೂ ಬರುವುದಿಲ್ಲ. ಅಲ್ಲಿಂದ ಆಚೆಗೆ ಸೈನಿಕನ ಮನೆಯ ಪಾಲಿಗೆ ಇನ್ನೊಂದು ಹತ್ತುವ ದಾರಿ ಇರುತ್ತದೆ: ಪಿಂಚಣಿಯ ಕಾಗದ, ಬ್ಯಾಂಕಿನ ಖಾತೆ, ಹೊಲದ ವಾರಸಾ, ಮಗುವಿನ ಶಾಲೆ. ಆ ದಾರಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಿಂದೆ ನಿಲ್ಲುವವರು ಊರಿನವರೇ ಆಗಬೇಕು.

ಜಮಖಂಡಿಯಲ್ಲಿರಲಿ, ಬೀಳಗಿಯಲ್ಲಿರಲಿ, ಮುಧೋಳ, ರಬಕವಿ, ಬನಹಟ್ಟಿಯ ಯಾವ ಓಣಿಯಲ್ಲೇ ಇರಲಿ, ನಿಮ್ಮೂರಲ್ಲೂ ಸೈನಿಕನ ಮನೆ ಇದ್ದೇ ಇದೆ. ಕೆಲವು ಮನೆಗಳಲ್ಲಿ ಅಣ್ಣ ಹೋದ ಮೇಲೆ ತಮ್ಮನೂ ಹೋಗಿದ್ದಾನೆ, ಅಪ್ಪನ ಪೆಟ್ಟಿಗೆಯನ್ನೇ ಮಗ ಹೊತ್ತುಕೊಂಡು ನಡೆದಿದ್ದಾನೆ. ಆ ಮನೆಗೆ ಮೆರವಣಿಗೆಯ ದಿನ ಮಾತ್ರ ಹೋಗಬೇಡಿ. ಕಬ್ಬು ಕಡಿಯುವ ಕಾಲಕ್ಕೆ ಆಳು ಸಿಗದಿದ್ದರೆ ನಿಮ್ಮ ಆಳು ಕೊಡಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಅರ್ಜಿ ಕೊಡಲು ಆ ತಾಯಿಗೆ ಓದುಬರಹ ಸಾಲದಿದ್ದರೆ ನೀವೇ ಬರೆದುಕೊಡಿ, ಒಮ್ಮೆ ಜೊತೆಗೆ ಹೋಗಿ ಬನ್ನಿ.